"ಎಸಿ ಆಫ್ ಮಾಡಮ್ಮ, ಚಾರ್ಜ್ ಇಳೀತಿದೆ!"

ಎಲೆಕ್ಟ್ರಿಕ್ ಕಾರ್ ತಗೊಂಡ ಮೇಲೆ ಅಪ್ಪ ರಸ್ತೆ ನೋಡೋದು ಬಿಟ್ಟು ಸ್ಕ್ರೀನ್ ನೋಡೋಕೆ ಶುರು ಮಾಡಿದ್ದಾರೆ. ಎಸಿ ಬಟನ್ ಒತ್ತಿದ್ದೇ ತಡ, 150 ಕಿ.ಮೀ. ಅಂತ ಇದ್ದದ್ದು 132ಕ್ಕೆ ಇಳಿಯುತ್ತೆ. "ಆಫ್ ಮಾಡಮ್ಮ, ಕಿಟಕಿ ಇಳಿಸು ಸಾಕು" ಅಂತಾರೆ. ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ದುಡಿದವರು ಅವರು. ನೂಲು ಕಡಿಯಬಾರದು ಅಂತ ಅಲ್ಲಿ ಗಾಳಿಯನ್ನ ಸದಾ ತೇವವಾಗಿ ಇಡ್ತಿದ್ರಂತೆ. "ಆ ಸೆಕೆ ತಡ್ಕೊಂಡೋನಿಗೆ ಇದ್ಯಾವ ಲೆಕ್ಕ?" ಅನ್ನೋದು ಅವರ ವಾದ.

ಆದರೆ ಅವತ್ತು ಬಾಯಾರಿದರೆ ಚೊಂಬು ಎತ್ತಿ ನೀರು ಕುಡೀಬಹುದಿತ್ತು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಎಷ್ಟು ನೀರು ಅನ್ನೋದನ್ನ ಡಾಕ್ಟರ್ ಅಳೆದು ಹೇಳಿದ್ದಾರೆ. ಬಿಸಿಲಲ್ಲಿ ಬೆವತು ಗಂಟಲು ಒಣಗಿದರೂ ಎರಡು ಗುಟುಕಿಗಿಂತ ಹೆಚ್ಚು ಕುಡಿಯೋ ಹಾಗಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಇಳಿದು ತಲೆ ಸುತ್ತೋದು ಬೇರೆ. ನಮ್ಮ ಶ್ರೀರಾಂಪುರಕ್ಕೆ 2014ರಿಂದ ಮೆಟ್ರೋ ಇದೆ. ಹೋಗುವಾಗ ಅದೂ ಆಗುತ್ತೆ, ಆದರೆ ವಾಪಸ್ ಬರುವಾಗ ಅವರನ್ನ ನಿಲ್ಲಿಸಿಕೊಂಡು ಬರೋಕೆ ನನಗೆ ಧೈರ್ಯ ಸಾಲದು. 2024ರ ಏಪ್ರಿಲ್ 28ರಂದು ಬೆಂಗಳೂರಲ್ಲಿ 38.5 ಡಿಗ್ರಿ ಆಗಿತ್ತು, ನೆನಪಿದೆಯಲ್ಲ? ಅಂಥ ಮಧ್ಯಾಹ್ನ ಓಕಳಿಪುರಂ ಹತ್ತಿರ ಟ್ರಾಫಿಕ್‌ನಲ್ಲಿ ಕಿಟಕಿ ಇಳಿಸಿದರೆ ಒಳಗೆ ಬರೋದು ಪಕ್ಕದ ಬಸ್ಸಿನ ಹೊಗೆ, ಅಷ್ಟೇ.

ಅದಕ್ಕೇ ಒಂದು ಭಾನುವಾರ ಪೆನ್ನು, ಪೇಪರ್ ಹಿಡಿದು ಅಪ್ಪನ ಮುಂದೆ ಕೂತೆ.

ನಮ್ಮ ಕಾರಿನ ಬ್ಯಾಟರಿ 24 ಯೂನಿಟ್. ಊರೊಳಗೆ ಒಂದು ಯೂನಿಟ್‌ಗೆ ಸುಮಾರು ಎಂಟು ಕಿಲೋಮೀಟರ್ ಓಡುತ್ತೆ. ಆಸ್ಪತ್ರೆ ಹತ್ತು ಕಿಲೋಮೀಟರ್, ಅಂದ್ರೆ ಒಂದೂಕಾಲು ಯೂನಿಟ್. ಟ್ರಾಫಿಕ್ ಇದ್ದರೆ ಒಂದು ಗಂಟೆ ಹಿಡಿಯುತ್ತೆ. ಬಿಸಿಲಲ್ಲಿ ಕಾದ ಕಾರನ್ನ ತಣಿಸೋಕೆ ಎಸಿ ಮೊದಲು ಜಾಸ್ತಿ ಎಳೆಯುತ್ತೆ, ಆಮೇಲೆ ಕಮ್ಮಿ ಆಗುತ್ತೆ. ಒಟ್ಟು ಗಂಟೆಗೆ ಒಂದು ಯೂನಿಟ್ ಅಂತ ಹಿಡಿಯೋಣ. ಅಂದ್ರೆ ಗಾಡಿ ಓಡೋಕೆ ಬೇಕಾದಷ್ಟೇ ಹೆಚ್ಚುಕಮ್ಮಿ ಎಸಿಗೂ ಬೇಕು!

"ನೋಡಿದ್ಯಾ, ನಾನು ಹೇಳ್ಲಿಲ್ವಾ?" ಅಂದರು ಅಪ್ಪ.

ಆದರೆ ಆ ಒಂದು ಯೂನಿಟ್ ಅಂದ್ರೆ ಎಷ್ಟು? ಬ್ಯಾಟರಿಯಲ್ಲಿ ಶೇಕಡಾ ನಾಲ್ಕು. ಮನೆ ಕರೆಂಟಿನ ದರದಲ್ಲಿ ಆರೇಳು ರೂಪಾಯಿ. ಸಾರ್ವಜನಿಕ ಚಾರ್ಜರಿನಲ್ಲಿ ಅದರ ಮೂರು ಪಟ್ಟು ಕೊಟ್ಟರೂ ಹೋಟೆಲಿನ ಒಂದು ಕಾಫಿಯ ದುಡ್ಡು. ಸ್ಕ್ರೀನ್ ಹೆದರಿಸೋದು ಯಾಕೆ ಅಂದ್ರೆ, ಬ್ಯಾಟರಿ ಖಾಲಿ ಆಗೋವರೆಗೂ ನಾವು ಹೀಗೇ ಓಡಿಸ್ತೀವಿ ಅಂತ ಅದು ಲೆಕ್ಕ ಹಾಕುತ್ತೆ. ನಾವೋ ಹತ್ತು ಕಿಲೋಮೀಟರ್ ಹೋಗಿ ಬರೋರು! ಹಳೇ ಪೆಟ್ರೋಲ್ ಕಾರಲ್ಲೂ ಎಸಿ ಪುಕ್ಕಟೆ ಇರಲಿಲ್ಲ. ಇಂಜಿನ್ನಿನ ಬೆಲ್ಟಿಂದಲೇ ಅದು ತಿರುಗ್ತಿತ್ತು, ಪೆಟ್ರೋಲ್ ಕುಡೀತಿತ್ತು. ಇಷ್ಟು ಕಿಲೋಮೀಟರ್ ಹೋಯ್ತು ಅಂತ ಯಾರೂ ಮುಖಕ್ಕೆ ಹಿಡಿದು ತೋರಿಸ್ತಿರಲಿಲ್ಲ, ಅಷ್ಟೇ.

2001ರಲ್ಲಿ ನಮ್ಮ ಬೆಂಗಳೂರಲ್ಲೇ ತಯಾರಾದ ರೇವಾ ರಸ್ತೆಗಿಳಿದಾಗ ಈ ಭಯಕ್ಕೆ ಅರ್ಥ ಇತ್ತು. ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜ್‌ಗೆ 80 ಕಿ.ಮೀ. ಆಸುಪಾಸು. ಅಂಥ ಬ್ಯಾಟರಿಯಲ್ಲಿ ಒಂದೊಂದು ಯೂನಿಟ್ಟೂ ಲೆಕ್ಕವೇ. ಈಗ ಆ ಕಾಲ ಅಲ್ಲ. ಅಮೆರಿಕದ ವಾಹನ ಮಾಲೀಕರ ಸಂಘಟನೆ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನ ಪರೀಕ್ಷೆ ಮಾಡಿತ್ತು. 35 ಡಿಗ್ರಿ ಬಿಸಿಲಲ್ಲಿ ಎಸಿ ಹಾಕಿದಾಗ ಓಡುವ ದೂರ ಸರಾಸರಿ ಶೇಕಡಾ 17 ಕಮ್ಮಿ ಆಯ್ತು. ಮೈನಸ್ 7ರ ಚಳಿಯಲ್ಲಿ ಹೀಟರ್ ಹಾಕಿದಾಗ ಶೇಕಡಾ 41! ಆ ಲೆಕ್ಕದಲ್ಲಿ ನಾವೇ ಪುಣ್ಯವಂತರು.

"ಕಾರು ಚಾರ್ಜಿಗೆ ಹಾಕಿರುವಾಗಲೇ ಫೋನಿಂದ ಎಸಿ ಆನ್ ಮಾಡಿ, ತಣ್ಣಗಾದ ಮೇಲೆ ಹೊರಡಿ" ಅಂತ ಎಲ್ಲರೂ ಹೇಳ್ತಾರೆ. ಒಳ್ಳೇ ಸಲಹೆಯೇ. ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಕ್ರಾಸಿನಲ್ಲಿ ಸ್ಕೂಟರ್ ನಿಲ್ಲಿಸೋಕೇ ಜಗಳ, ಚಾರ್ಜರ್ ಎಲ್ಲಿಂದ ತರೋದು? ನಾನು ಚಾರ್ಜ್ ಮಾಡೋದು ಆಫೀಸಿನ ಬೇಸ್‌ಮೆಂಟಿನಲ್ಲಿ. ಹಾಗಾಗಿ ನಮ್ಮದು ಬಡವರ ಉಪಾಯ: ನೆರಳು ಹುಡುಕಿ ನಿಲ್ಲಿಸೋದು, ಗಾಜಿಗೆ ಪರದೆ, ಹತ್ತೋಕೆ ಮುಂಚೆ ನಾಲ್ಕೂ ಬಾಗಿಲು ಒಂದು ನಿಮಿಷ ತೆರೆದಿಡೋದು. ಒಳಗಿನ ಗಾಳಿಯೇ ಸುತ್ತೋ ಹಾಗೆ ಬಟನ್ ಒತ್ತಿ, 25ಕ್ಕೆ ಇಟ್ಟರೆ ಅಪ್ಪನಿಗೆ ಸಾಕು. 18ಕ್ಕೆ ಇಟ್ಟರೆ ಶಾಲು ಕೇಳ್ತಾರೆ.

ದೂರ ಹೋಗುವಾಗಲಾದರೂ ಎಸಿ ಉಳಿಸಬೇಕು ಅಂತ ಅಪ್ಪ ಈಗಲೂ ಅಂತಾರೆ. ಅಲ್ಲಂತೂ ಲೆಕ್ಕ ಉಲ್ಟಾ. ತುಮಕೂರಿಗೆ 70 ಕಿ.ಮೀ., ಒಂದೂವರೆ ಗಂಟೆ. ಗಾಡಿಗೆ ಹತ್ತು ಯೂನಿಟ್ ಬೇಕಾದರೆ ಎಸಿಗೆ ಒಂದೂಕಾಲು. ಎಸಿ ತಿನ್ನೋದು ಗಂಟೆ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಹೈವೇಯಲ್ಲಿ ಚಾರ್ಜ್ ತಿನ್ನೋದು ವೇಗ. ಹೋದ ತಿಂಗಳು ತಮ್ಮ ಸ್ಟೀರಿಂಗ್ ಹಿಡಿದು ನೆಲಮಂಗಲ ದಾಟಿದ ಮೇಲೆ ನೂರಕ್ಕೆ ಏರಿಸಿದಾಗ ಹಿಂದಿನ ಸೀಟಿಂದ ಅಪ್ಪನ ದನಿ ಬಂತು: "ಎಂಬತ್ತಕ್ಕೆ ಇಳಿಸೋ, ಎಸಿ ಇರಲಿ."