ದಾರಿ ಬಂದು ಸೇರುವ ಮನೆ

ಸೈಕಲ್ ಮೇಲೆ ಊರೂರು ತಿರುಗುವುದು ನನ್ನ ಬಹುಕಾಲದ ಪ್ರೀತಿ. ಬಸ್ಸಿನಲ್ಲಿ ಕೂತರೆ ಊರುಗಳು ಸಿಗುತ್ತವೆ, ನಡುವಿನ ನೆಲ ಸಿಗುವುದಿಲ್ಲ. ಪೆಡಲ್ ತುಳಿಯುವವನಿಗೆ ನೆಲ ಮೊದಲು ಕಾಲಿಗೆ ತಿಳಿಯುತ್ತದೆ. ಏರು ಎಲ್ಲಿ ಶುರುವಾಯಿತು, ಮಸಾರಿ ಮುಗಿದು ಎರೆ ಎಲ್ಲಿ ಬಂತು, ಎದುರುಗಾಳಿ ಯಾವ ಹೊತ್ತಿಗೆ ಎದ್ದಿತು, ಎಲ್ಲವನ್ನೂ ಮೀನಗಂಡವೇ ಹೇಳುತ್ತದೆ. ಇಂಥ ತಿರುಗಾಟಕ್ಕೆ ಹಾವೇರಿ ಜಿಲ್ಲೆಯಂಥ ಸೀಮೆ ಇನ್ನೊಂದಿಲ್ಲ. ಪಡುವಣದ ಹಾನಗಲ್ಲಿನಲ್ಲಿ ಮಲೆನಾಡಿನ ಸೆರಗು, ಮೂಡಣದ ಸವಣೂರಿನಲ್ಲಿ ಬಯಲುಸೀಮೆಯ ಕರಿನೆಲ. ಒಂದೇ ಜಿಲ್ಲೆಯೊಳಗೆ ಬಿಳಿಜೋಳದ ಹೊಲದಿಂದ ಭತ್ತದ ಗದ್ದೆಗೆ ತುಳಿದುಕೊಂಡೇ ಹೋಗಬಹುದು.

ಈ ಸಲ ಸಂಕ್ರಾಂತಿಯ ಆಸುಪಾಸಿನಲ್ಲಿ ಶಿಗ್ಗಾವಿಯಿಂದ ಹೊರಟೆ. ಶಿಶುನಾಳದಲ್ಲಿ ಷರೀಫರ ಗದ್ದುಗೆಗೆ ಕೈಮುಗಿದು, ಕನಕದಾಸರು ಹುಟ್ಟಿದ ಬಾಡದಲ್ಲಿ ಒಂದಿಷ್ಟು ಹೊತ್ತು ಕೂತು, ಸವಣೂರಿನ ದಾರಿ ಹಿಡಿದೆ. ಎರೆ ಹೊಲಗಳಲ್ಲಿ ಜೋಳ ತೆನೆಗಟ್ಟಿತ್ತು. ದಾರಿಬದಿಯಲ್ಲಿ ಸೀತನಿ ಸುಡುತ್ತಿದ್ದವರು ಕರೆದು ಬೊಗಸೆ ತುಂಬ ಹಾಕಿದರು. ಸವಣೂರಿನ ಕಲ್ಮಠದ ಆವರಣದಲ್ಲಿ ದೊಡ್ಡ ಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ಕುಲದಿಂದ ಆಫ್ರಿಕಾದ ಬಾವೊಬಾಬ್. ಹತ್ತಾರು ಜನ ಕೈ ಕೈ ಹಿಡಿದು ನಿಂತರಷ್ಟೇ ಸುತ್ತಬಹುದಾದ ಬೊಡ್ಡೆ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತ್ತು. ಅದನ್ನು ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಪೇಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ, ಒಂದು ಪೊಟ್ಟಣ ಸವಣೂರ ಖಾರಾ ಕೊಂಡು ಕ್ಯಾರಿಯರಿಗೆ ಬಿಗಿದೆ.

ಅಲ್ಲಿಂದ ಬಂಕಾಪುರ. ಕೋಟೆಯೊಳಗೆ ನವಿಲುಗಳ ಕೂಗಿನ ನಡುವೆ ನಗರೇಶ್ವರ, ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ. ಮುಂದೆ ಹಾನಗಲ್ಲಿನ ದಾರಿಯಲ್ಲಿ ಗಾಳಿ ತಣ್ಣಗಾಗುತ್ತದೆ; ಮಾವಿನ ತೋಪು, ಕೆರೆ, ಕೊಯ್ಲಾದ ಗದ್ದೆ ಒಂದರ ಹಿಂದೊಂದು ಬರುತ್ತವೆ. ತಾರಕೇಶ್ವರ ಗುಡಿಯಲ್ಲಿ ನೆಲದ ಮೇಲೆ ಅಂಗಾತ ಮಲಗಿ, ಚಾಲುಕ್ಯರ ಕಾಲದ ಶಿಲ್ಪಿಗಳು ಛತ್ತಿನಲ್ಲಿ ಕಡೆದ ಕಮಲವನ್ನು ಕಣ್ಣು ದಣಿಯುವವರೆಗೆ ನೋಡಿದೆ. ಮರುದಿನ ವರದೆಯನ್ನು ದಾಟಿ, ತಿಳವಳ್ಳಿ, ಚಿಕ್ಕೇರೂರುಗಳ ಮೇಲೆ ಹಾದು ಹಿರೇಕೆರೂರಿನತ್ತ ತುಳಿದೆ.

ಹಿರೇಕೆರೂರಿನಲ್ಲಿ ಗೆಳೆಯನ ಮನೆಯಿದೆ. ಸೈಕಲ್ ತಿರುಗಾಟದಲ್ಲಿ ನಾನು ಪಾಲಿಸುವ ನೇಮ ಒಂದೇ: ನಡುವಿನ ರಾತ್ರಿಗಳು ಎಲ್ಲಾದರೂ ಕಳೆಯಲಿ, ಕೊನೆಯ ರಾತ್ರಿ ಪರಿಚಯದವರ ಮನೆಯಲ್ಲಿ ಆಗಬೇಕು. ನಡುದಾರಿಯಲ್ಲೇ ಅಂಥ ಮನೆ ಸಿಕ್ಕರೆ ಬೆಳಿಗ್ಗೆ ಕಾಲು ಏಳುವುದಿಲ್ಲ. ಹೇಳಿಕೊಳ್ಳಲು ಮಾತೂ ಇನ್ನೂ ಮಾಗಿರುವುದಿಲ್ಲ. ಕೊನೆಗೆ ಸಿಕ್ಕರೆ ದೇಹವೂ ದಾರಿಯೂ ಒಟ್ಟಿಗೆ ನೆಲೆ ಮುಟ್ಟುತ್ತವೆ.

ಸೈಕಲ್ ಕಟ್ಟೆಗೆ ಒರಗಿಸುವಷ್ಟರಲ್ಲಿ ಗೆಳೆಯನ ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದರು. ಹಂಡೆಯ ಬಿಸಿನೀರು ಮೈಮೇಲೆ ಬಿದ್ದಾಗ ಅಷ್ಟೂ ದಿನದ ಧೂಳು ಇಳಿಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು. ಬಿಸಿನೀರಿನಲ್ಲಿ ನಾದಿದ ಹಿಟ್ಟು ಅಂಗೈಯ ಬಡಿತಕ್ಕೆ ತಿರುಗುತ್ತಾ ಅಗಲವಾಗಿ, ಹಂಚಿಗೆ ಬಿದ್ದು, ಮೇಲೆ ನೀರು ಸವರಿಸಿಕೊಂಡು, ಉಬ್ಬಿ ತಾಟಿಗೆ ಬರುತ್ತಿತ್ತು. ಜೊತೆಗೆ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ದಿನವಿಡೀ ತುಳಿದು ಬಂದವನ ಹಸಿವಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ನಾನು ಗುಡಿಗಳ ಮಾತು ತೆಗೆದೆ. ಅವ್ವ ತಡೆದರು. "ಏನೇನು ನೋಡಿದಿ ಅನ್ನೂದು ಆಮ್ಯಾಲೆ ಹೇಳು ತಮ್ಮಾ. ಎಲ್ಲೆಲ್ಲಿ ಉಂಡಿ, ಅದನ್ನ ಹೇಳು ಮೊದಲ."

ಹೇಳುತ್ತಾ ಹೋದಂತೆ ನಾನು ಬಂದ ದಾರಿ ಅವರ ಮನೆಯೊಳಗೆ ಬೇರೆಯೇ ಆಗಿ ಬಿಚ್ಚಿಕೊಂಡಿತು. ಸವಣೂರು ಅವ್ವನ ತವರು. ಎಲೆಯ ಕಟ್ಟು ಕೈಗಿಟ್ಟಾಗ ಅದನ್ನು ಮೂಸಿ ನೋಡಿ, "ನಮ್ಮೂರಿಂದ" ಎಂದರು. ದೊಡ್ಡ ಹುಣಸೆಯ ಸಂದಿಯಲ್ಲಿ ಚಿಕ್ಕವರಿದ್ದಾಗ ಅಡಗಿ ಆಡಿದ್ದರಂತೆ. ಮರ ಉರುಳಿದ ಸುದ್ದಿ ಬಂದ ದಿನ ಅನ್ನ ಸೇರಿರಲಿಲ್ಲವಂತೆ. ಹಾನಗಲ್ಲಿಗೆ ಗೆಳೆಯನ ಅಕ್ಕನನ್ನು ಕೊಟ್ಟಿದ್ದಾರೆ. ಈ ಮನೆಗೆ ವರ್ಷದ ಅಕ್ಕಿ ಅಲ್ಲಿಂದಲೇ ಬರುತ್ತದೆ, ಇಲ್ಲಿಂದ ಜೋಳ ಅಲ್ಲಿಗೆ ಹೋಗುತ್ತದೆ. ಶಿಶುನಾಳಕ್ಕೆ ಗೆಳೆಯನ ಅಪ್ಪ ಭಜನಾ ಮೇಳದೊಂದಿಗೆ ಹೋಗುತ್ತಿದ್ದವರು. ಎಲೆಗೆ ಸುಣ್ಣ ಸವರುತ್ತಾ ಷರೀಫರ ಗುರು ಕಳಸದ ಗೋವಿಂದಭಟ್ಟರ ಸುದ್ದಿಗೆ ಬಂದರು. ಮುಸಲ್ಮಾನ ಶಿಷ್ಯನನ್ನು ಬ್ರಾಹ್ಮಣ ಗುರು ಮನೆಯ ಮಗನಂತೆ ಒಪ್ಪಿಕೊಂಡದ್ದನ್ನು ನಿನ್ನೆ ಮೊನ್ನೆ ನಡೆದಂತೆ ಹೇಳಿದರು. ನಾನು ಮೈಲಿಗಲ್ಲು ಎಣಿಸಿ ಬಂದ ಅದೇ ಊರುಗಳಲ್ಲಿ ಇವರ ತವರು, ಬೀಗತನ, ಕಾಳು, ಭಜನೆ ತಲೆಮಾರುಗಳಿಂದ ಓಡಾಡುತ್ತಿವೆ.

ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜನ ಸರ್ವಜ್ಞನನ್ನು ತಮ್ಮವನೆನ್ನುತ್ತಾರೆ. ಮನೆಮನೆಯ ಅನ್ನ ಉಂಡು ನಾಡು ತಿರುಗಿದವನು ಆತ. ಲೋಕದ ಮಾತನ್ನೆಲ್ಲ ಮೂರು ಸಾಲಿಗೆ ಇಳಿಸುವ ಬಲ ಆತನಿಗೆ ನಡೆದ ದಾರಿಯಿಂದ ಬಂದಷ್ಟೇ, ಉಂಡ ಮನೆಗಳಿಂದಲೂ ಬಂದಿರಬೇಕು ಎಂದು ಆ ರಾತ್ರಿ ನನಗೆ ಬಲವಾಗಿ ಅನ್ನಿಸಿತು. ಗುಡಿಯ ಛತ್ತನ್ನು ಒಬ್ಬನೇ ನೋಡಬಹುದು. ಹಾನಗಲ್ಲಿನ ಅಕ್ಕಿ ಯಾರ ಒಲೆಯ ಮೇಲೆ ಬೇಯುತ್ತದೆ ಎಂಬುದನ್ನು ಯಾರಾದರೂ ಕೂರಿಸಿ ಉಣ್ಣಿಸಿಯೇ ತಿಳಿಸಬೇಕು.

ಬೆಳಿಗ್ಗೆ ಗೆಳೆಯ ಚೈನಿಗೆ ಎಣ್ಣೆ ಬಿಟ್ಟ, ಅವನ ಮಗಳು ಗಾಲಿಗೆ ಗಾಳಿ ಹೊಡೆದಳು. ಅವ್ವ ಕಟಿರೊಟ್ಟಿ, ಹಿಂಡಿಯ ಗಂಟು ಕಟ್ಟಿದರು. "ಮುಂದಿನ ಸಲ ಹಾನಗಲ್ಲಾಗ ಅಕ್ಕನ ಮನಿಗೆ ಹೋಗದ ಬಂದರ ಇಲ್ಲಿ ಊಟ ಇಲ್ಲ ನೋಡು" ಎಂದರು. ಮುಂದಿನ ತಿರುಗಾಟದ ಒಂದು ನಿಲ್ದಾಣ ಅಲ್ಲೇ ಗೊತ್ತಾಯಿತು.

ಹೊಸದಾಗಿ ಸೈಕಲ್ ಕೊಂಡ ಹುಡುಗರು ಯಾವ ದಾರಿ ಚೆಂದ ಎಂದು ಕೇಳುತ್ತಾರೆ. ಕೊನೆಯ ದಿನ ಯಾರ ಮನೆಗೆ ಹೋಗುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ. ಮನೆ ಗೊತ್ತಾದ ಮೇಲೆ ದಾರಿಯನ್ನು ಕೂತು ಗುರುತು ಹಾಕೋಣ ಎನ್ನುತ್ತೇನೆ.