ಚೈತ್ರದ ಕೆಂಪು ಕಹಳೆ

ಮಾಗಡಿ ರಸ್ತೆಯ ಗದ್ದಲವನ್ನು ಬಿಟ್ಟು ಗೋವಿಂದರಾಜನಗರದ ಒಳಬೀದಿಗಳಿಗೆ ತಿರುಗಿದವರು ಚೈತ್ರಮಾಸದಲ್ಲಿ ಕೊಂಚ ನಿಧಾನವಾಗಿ ನಡೆಯುವುದು ಲೇಸು. 30×40 ಅಡಿಯ ನಿವೇಶನದ ಹಳೆಯ ಮನೆಗಳ ಮುಂದೆ, ತುಳಸಿಕಟ್ಟೆಗೂ ಕಾಂಪೌಂಡಿಗೂ ನಡುವಣ ಗೇಣಗಲದ ಮಣ್ಣಿನಿಂದ ದಪ್ಪನೆಯ ಹಸಿರು ದಂಟೊಂದು ಮೇಲೆದ್ದು, ತುದಿಯಲ್ಲಿ ನಾಲ್ಕು ಕೆಂಪು ಕಹಳೆಗಳನ್ನು ಹೊತ್ತು ನಿಂತಿರುತ್ತದೆ. ಎಷ್ಟೋ ಬಾರಿ ಎಲೆಗೂ ಮುಂಚೆ ಹೂವೇ ಬರುತ್ತದೆ.

ಮನೆಯವರು ಅದನ್ನು ‘ಲಿಲ್ಲಿ’ ಎನ್ನುತ್ತಾರೆ. ನರ್ಸರಿಯವರು ‘ಅಮರಿಲ್ಲಿಸ್’ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಎರಡೂ ಒಪ್ಪಿಗೆಯಿಲ್ಲ. ಅಮರಿಲ್ಲಿಸ್ ಎಂಬ ಹೆಸರು ದಕ್ಷಿಣ ಆಫ್ರಿಕದ ಬೇರೊಂದು ಗಿಡಕ್ಕೆ ಸಲ್ಲತಕ್ಕದ್ದೆಂದು 1987ರಲ್ಲಿ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ತೀರ್ಮಾನಿಸಿತು. ಈ ಗಿಡಕ್ಕೆ ಉಳಿದದ್ದು ಹಿಪಿಯಾಸ್ಟ್ರಮ್ ಎಂಬ ನಾಲಗೆ ತೊಡರುವ ಹೆಸರು! ತವರು ದಕ್ಷಿಣ ಅಮೆರಿಕ. ಬ್ರೆಜಿಲ್, ಪೆರು, ಬೊಲಿವಿಯಗಳಲ್ಲಿ ಇದರ ಬಂಧುಬಳಗ ಹೆಚ್ಚು. ಅಲ್ಲಿಂದ ಹೊರಟು ಉಷ್ಣವಲಯದ ಹಲವು ನಾಡುಗಳಲ್ಲಿ ತೋಟದ ಬೇಲಿ ದಾಟಿ ತಾನೇ ತಾನಾಗಿ ಬೆಳೆಯತೊಡಗಿದೆ.

ಇದರ ಮೊದಲ ಮಿಶ್ರತಳಿಯನ್ನು ಪಡೆದವನು ತೋಟಗಾರನಲ್ಲ, ಗಡಿಯಾರ ಮಾಡುವವನು. ಇಂಗ್ಲೆಂಡಿನ ಪ್ರೆಸ್ಕಾಟಿನ ಆರ್ಥರ್ ಜಾನ್ಸನ್ 1799ರಲ್ಲಿ ಎರಡು ಜಾತಿಗಳನ್ನು ಕೂಡಿಸಿ, ಕೆಂಪು ದಳದ ನಡುವೆ ಬಿಳಿ ಗೀಟುಳ್ಳ ಹೂವನ್ನು ಅರಳಿಸಿದನು. ಮುಂದೆ ಅವನ ಗಾಜಿನಮನೆ ಹಾಳಾಯಿತು. ಆದರೆ ಅಷ್ಟರಲ್ಲೇ ಲಿವರ್‌ಪೂಲಿನ ಸಸ್ಯೋದ್ಯಾನಕ್ಕೆ ಕೊಟ್ಟಿದ್ದುದರಿಂದ ತಳಿ ಉಳಿಯಿತು.

ನಮ್ಮ ಬಡಾವಣೆಗಳಲ್ಲಿಯೂ ಇದು ಅಂಗಡಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದ ಗಿಡ. ತಾಯಿಗಡ್ಡೆಯ ಪಕ್ಕದಲ್ಲಿ ಮರಿಗಡ್ಡೆಗಳು ಒತ್ತಾಗಿ ಹುಟ್ಟುತ್ತವೆ. ಪಕ್ಕದ ಮನೆಯಾಕೆ ಕೇಳಿದರೆ ಎರಡು ಕಿತ್ತು ಕೊಡುವುದು ಕಷ್ಟವೇನಲ್ಲ. ಈರುಳ್ಳಿಯಂತೆ ಕಾಣುವ ಈ ಗಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ. ವಾಂತಿ ತರಿಸುತ್ತದೆ, ಮಕ್ಕಳ, ನಾಯಿಗಳ ಬಾಯಿಗೆ ಹೋಗದಂತೆ ಎಚ್ಚರವಿರಬೇಕು.

2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡಿತು. ಅತ್ತ ಒಂಟಿಮನೆಗಳು ಒಡೆದು ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಏಳುತ್ತಲೇ ಇವೆ. ನೆಲಮಾಳಿಗೆಯೆಲ್ಲ ಕಾರಿಗೆ ಮೀಸಲು. ಗೇಣಗಲದ ಮಣ್ಣಿಗೂ ಸಿಮೆಂಟು ಬೀಳುತ್ತದೆ. ಅಡಿಪಾಯ ತೋಡಿದ ಮಣ್ಣಿನೊಡನೆ ಎಷ್ಟು ಗಡ್ಡೆಗಳು ಲಾರಿ ಹತ್ತಿಹೋದವೋ, ಲೆಕ್ಕವಿಟ್ಟವರಿಲ್ಲ.

ಮೊದಲೇ ಕಿತ್ತಿಟ್ಟುಕೊಂಡ ಜಾಣೆಯರೂ ಉಂಟು. ಅವರ ತಾರಸಿಯ ಮೇಲೆ, ಬಣ್ಣದ ಖಾಲಿ ಡಬ್ಬಿಗಳಲ್ಲಿ, ಮೂರನೆಯ ಒಂದು ಪಾಲು ಗಡ್ಡೆ ಮಣ್ಣಿನಿಂದ ಹೊರಗಿರುವಂತೆ ನೆಟ್ಟ ಗಿಡಗಳು ಅಶ್ವಿನಿ ಮಳೆಯ ಹನಿ ಬೀಳುವ ಹೊತ್ತಿಗೆ ದಂಟು ನೀಡುತ್ತವೆ.