ಹೂ ಬಿಟ್ಟ ಊರನ್ನು ಬಿಟ್ಟು ಎಲ್ಲಿಗೆ?

ಫೆಬ್ರವರಿ ಕಳೆದು ಮಾರ್ಚ್ ಕಾಲಿಡುತ್ತಿದ್ದಂತೆ ಬೆಂಗಳೂರಿನವರು ಶನಿವಾರ ನಸುಕಿಗೇ ಊರು ಬಿಡುತ್ತಾರೆ. ನಂದಿಬೆಟ್ಟದ ತಿರುವುಗಳಲ್ಲಿ ಬೆಳಕು ಹರಿಯುವ ಮೊದಲೇ ವಾಹನಗಳ ಸಾಲು. ಹಾಸನದ ಹೆದ್ದಾರಿಯ ಟೋಲ್‌ಗಳಲ್ಲಿ ಅದಕ್ಕಿಂತ ಉದ್ದದ ಸಾಲು. ನನ್ನ ವಾದ ಇದಕ್ಕೆ ಎದುರಿನದು. ವರ್ಷದ ಬೇರೆ ಯಾವ ಕಾಲದಲ್ಲಾದರೂ ಹೊರಗೆ ಹೋಗಿ, ಈ ಆರೆಂಟು ವಾರ ಮಾತ್ರ ಇಲ್ಲೇ ಉಳಿದು ಪ್ರವಾಸವನ್ನು ಊರೊಳಗೇ ಮಾಡಿ. ಆಗ ಮಲೆನಾಡಿನ ಹುಲ್ಲುಗುಡ್ಡಗಳು ಒಣಗಿ ಕಂದುಬಣ್ಣಕ್ಕೆ ತಿರುಗಿರುತ್ತವೆ, ತೊರೆಗಳಲ್ಲಿ ನೀರಿಗಿಂತ ಕಲ್ಲೇ ಹೆಚ್ಚು ಕಾಣುತ್ತದೆ. ಕಾಫಿ ಹೂವಿನ ಬಿಳುಪು ನೋಡಬೇಕೆನ್ನುವವರ ಮಾತು ಬೇರೆ. ಆದರೆ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಅರಳಿ, ಎರಡು-ಮೂರು ದಿನದಲ್ಲಿ ಬಾಡುವ ಆ ಹೂವು ಶನಿವಾರವನ್ನೇ ನೋಡಿಕೊಂಡು ಅರಳುವುದಿಲ್ಲ. ಬೆಂಗಳೂರಿನ ಹೂವು ಹಾಗಲ್ಲ, ವಾರಗಟ್ಟಲೆ ಕಾಯುತ್ತದೆ. ಅದು ತಾನಾಗಿ ಹಾಗಾದದ್ದೂ ಅಲ್ಲ, ಒಂದು ಶತಮಾನದ ಯೋಜನೆಯ ಫಲ.

ಹಾಗಾಗಿ ಈ ಯಾನವನ್ನು ನಾನು ಆರಂಭಿಸುವುದು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ, ಅದೂ ಬೆಳಿಗ್ಗೆ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಈ ಉದ್ಯಾನದ ರಸ್ತೆಗಳು ಭಾನುವಾರ ವಾಹನಗಳಿಗೆ ಮುಚ್ಚಿರುತ್ತವೆ. ಆ ಒಂದು ನಿರ್ಧಾರದಿಂದ ದಾರಿಗಳೆಲ್ಲ ಮಕ್ಕಳ ಸೈಕಲ್ಲಿಗೂ ಮುದುಕರ ನಡಿಗೆಗೂ ಸಿಕ್ಕಿಬಿಟ್ಟಿವೆ. ಇಲ್ಲಿ ಗುಲಾಬಿ ಟಬೆಬುಯಾ ಮರದ ಕೆಳಗೆ ನಿಂತು ಒಂದು ಉದುರಿದ ಹೂವನ್ನು ಎತ್ತಿಕೊಳ್ಳಿ. ಕಹಳೆಯಾಕಾರ, ಇಸ್ತ್ರಿ ಕಾಣದ ತೆಳುಬಟ್ಟೆಯಂತೆ ಸುಕ್ಕಾದ ದಳ, ಒಳಗೆ ಹಳದಿ ಗಂಟಲು. ತಲೆಯೆತ್ತಿದರೆ ಕೊಂಬೆಯಲ್ಲಿ ಎಲೆ ಹೆಸರಿಗಷ್ಟೇ. ಒಣಹವೆಯಲ್ಲಿ ಎಲೆ ಉದುರಿಸಿ, ಚಿಗುರುವ ಮೊದಲೇ ಹೂ ಬಿಡುವ ಮರ ಇದು; ಬಣ್ಣವನ್ನು ಮರೆಮಾಡುವ ಹಸಿರಿಲ್ಲದ್ದರಿಂದ ದೂರದ ದುಂಬಿಗೂ, ಎಂ.ಜಿ. ರಸ್ತೆಯ ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೂ ಒಟ್ಟಿಗೇ ಕಾಣುತ್ತದೆ. ಇದು ಬಣ್ಣ ಕಳೆದುಕೊಳ್ಳುವ ಹೊತ್ತಿಗೆ ಹಳದಿ ಟಬೆಬುಯಾ, ಅದರ ಹಿಂದೆ ನೀಲಿ ಜಕರಂದ, ಏಪ್ರಿಲ್ ಕೊನೆಗೆ ಗುಲ್‌ಮೊಹರ್. ಒಂದರ ಬಳಿಕ ಒಂದು ಹೂ ಬಿಡುವ ಮರಗಳನ್ನು ಆಯ್ದು ನೆಟ್ಟು, ಊರಿನಲ್ಲಿ ವರ್ಷವಿಡೀ ಎಲ್ಲಾದರೊಂದು ಕಡೆ ಹೂವಿರುವಂತೆ ಮಾಡಬೇಕೆಂಬುದು ಜರ್ಮನಿಯ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಚಿಂತನೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಾಳರು ಬಡಾವಣೆಯಿಂದ ಬಡಾವಣೆಗೆ ತಿರುಗಿ ಲಕ್ಷಗಟ್ಟಲೆ ಗಿಡ ನೆಡಿಸದಿದ್ದರೆ ಈ ಚೆಲುವು ಉದ್ಯಾನಗಳ ಬೇಲಿ ದಾಟುತ್ತಿರಲಿಲ್ಲ. ನಾವು ಪ್ರಕೃತಿ ಎಂದು ಮೆಚ್ಚುವುದರಲ್ಲಿ ಬಹುಪಾಲು ಸರ್ಕಾರಿ ನೌಕರರ ದುಡಿಮೆ. ಅದನ್ನು ನೋಡಲು ಹೋಗುವುದೆಂದರೆ ಆ ದುಡಿಮೆಗೆ ಸಲ್ಲಬೇಕಾದ ಗೌರವವೂ ಹೌದು.

ಇವೆಲ್ಲ ಪರದೇಶದ ಮರಗಳು, ಇವನ್ನು ನಮ್ಮ ವಸಂತವೆನ್ನುವುದು ಹೇಗೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಟಬೆಬುಯಾ, ಜಕರಂದಗಳು ಅಮೆರಿಕ ಖಂಡಗಳಿಂದ, ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದವು. ನಮ್ಮ ಕೀಟ, ಹಕ್ಕಿಗಳಿಗೆ ನಾಡ ಮರಗಳೇ ಹೆಚ್ಚು ಒದಗುತ್ತವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅದೇ ರಸ್ತೆಗಳಲ್ಲಿ ಅದೇ ವಾರಗಳಲ್ಲಿ ಹೊಂಗೆ ಚಿಗುರುವುದನ್ನು ನೋಡದೆ ಹೋಗುವವರ ಪಾಲಿಗಷ್ಟೇ ಬೆಂಗಳೂರಿನ ವಸಂತ ಗುಲಾಬಿ ಬಣ್ಣದ್ದು. ಹೊಂಗೆಯ ಎಳೆಯೆಲೆ ಬೆಳಕನ್ನು ತಡೆಯುವುದಿಲ್ಲ, ಸೋಸಿ ಬಿಡುತ್ತದೆ. ಅದರ ಕೆಳಗಿನ ಕಾಲುದಾರಿ ಮಧ್ಯಾಹ್ನದಲ್ಲೂ ತಿಳಿಹಸಿರು. ತುಸು ದಿನದಲ್ಲೇ ಸಣ್ಣ ತಿಳಿನೇರಳೆ ಹೂಗಳು ಉದುರಿ ನೆಲ ಮುಚ್ಚುತ್ತವೆ, ಮೇಲೆ ಜೇನ್ನೊಣಗಳ ಸದ್ದು. ಯುಗಾದಿಯ ತಟ್ಟೆಗೆ ಬೇಕಾದ ಬೇವಿನ ಹೂವೂ ಆಗಲೇ. ಬಂದವನ್ನು ಕಡಿಯಬೇಕಿಲ್ಲ, ಇನ್ನು ನೆಡುವುದು ಹೊಂಗೆ, ಬೇವು, ಹೊಳೆದಾಸವಾಳ ಆಗಲಿ ಎಂಬುದೇ ನನಗೆ ಸರಿಕಾಣುವ ಉತ್ತರ.

ಇನ್ನೊಂದು ಆಕ್ಷೇಪ: ಇಲ್ಲಿ ವಸಂತವೆಲ್ಲಿದೆ, ಇರುವುದು ಬೇಸಿಗೆಯಷ್ಟೇ. ನಡುಹಗಲಿನಲ್ಲಿ ಮನೆಯಿಂದ ಹೊರಟವರಿಗೆ ಹಾಗೆ ಅನ್ನಿಸುವುದು ಸಹಜ. ಮಾರ್ಚಿನ ಮಧ್ಯಾಹ್ನ ಉಷ್ಣಾಂಶ 33-34 ಡಿಗ್ರಿ ಮುಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯನ್ನೂ ಈ ಊರು ಕಂಡಿದೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಣಹವೆಯ ಊರಿನಲ್ಲಿ ಹಗಲಿನ ಕಾವು ರಾತ್ರಿಗೆ ಇಳಿದುಹೋಗುತ್ತದೆ, ಬೆಳಗಿನ ಜಾವ 20ರ ಆಸುಪಾಸಿಗೆ ಬರುತ್ತದೆ. ಅಂದರೆ ವಸಂತ ಇಲ್ಲಿ ತಿಂಗಳುಗಳಲ್ಲಿಲ್ಲ, ದಿನದ ಎರಡು ತುದಿಗಳಲ್ಲಿದೆ. ಇದನ್ನು ಅರಿತವರು ಬೆಳಿಗ್ಗೆ ಒಂಬತ್ತೂವರೆಯೊಳಗೆ ಮರಗಳನ್ನು ಮುಗಿಸುತ್ತಾರೆ, ಬಿಸಿಲೇರಿದಾಗ ಸೂರಿನಡಿ ಇರುತ್ತಾರೆ, ಸಂಜೆ ಮತ್ತೆ ಹೊರಬರುತ್ತಾರೆ.

ಮರಗಳಾದ ಮೇಲೆ ತಿಂಡಿ. ಮೆಟ್ರೊ ನ್ಯಾಷನಲ್ ಕಾಲೇಜಿನ ಬಳಿ ಇಳಿಸುತ್ತದೆ, ಅಲ್ಲಿಂದ ಗಾಂಧಿಬಜಾರಿಗೆ ನಡೆದೇ ಹೋಗಬಹುದು. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ವಾರಾಂತ್ಯದಲ್ಲಿ ಕಾಯಲೇಬೇಕು. ಆ ದೋಸೆಯ ಬಗ್ಗೆ ನನಗೆ ಪ್ರೀತಿಯೇ ಇದೆ. ಆದರೂ ಅದು ಹನ್ನೆರಡು ತಿಂಗಳೂ ಸಿಗುವ ರುಚಿ, ವಸಂತದ ರುಚಿ ಇರುವುದು ಹೊರಗಿನ ಗಾಡಿಗಳಲ್ಲಿ. ಈ ಸೀಮೆಯಲ್ಲೇ ಬೆಳೆಯುವ, ಭೌಗೋಳಿಕ ಸೂಚಕ ಪಡೆದಿರುವ ಬೆಂಗಳೂರು ನೀಲಿ ದ್ರಾಕ್ಷಿ ಈಗ ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಇರುತ್ತದೆ. ಬೀಜವಿಲ್ಲದ ಹಸಿರು ದ್ರಾಕ್ಷಿಯ ಮುಂದೆ ಇದನ್ನು ಕೇಳುವವರು ಕಡಿಮೆಯಾಗುತ್ತಿದ್ದಾರೆಂಬುದು ಬೇಸರದ ಸಂಗತಿ. ಒಂದನ್ನು ಹಿಚುಕಿದರೆ ದಪ್ಪ ಸಿಪ್ಪೆ ಕೈಯಲ್ಲುಳಿದು ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಸಿಹಿಗಿಂತ ಮೊದಲು ಬರುವುದು ಘಮ, ಕೊನೆಗೆ ಬೀಜದ ಸುತ್ತ ಉಳಿಯುವುದು ಹುಳಿ. ಪಕ್ಕದ ಗಾಡಿಯಲ್ಲಿ ತೋತಾಪುರಿಯನ್ನು ಹೂವಿನ ಎಸಳಿನಂತೆ ಸೀಳಿ ಉಪ್ಪುಖಾರ ತುಂಬಿ ಕೊಡುತ್ತಾರೆ. ಯುಗಾದಿ ಹತ್ತಿರವಾದರೆ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ರಾಮನವಮಿಗೆ ಬೀದಿಬೀದಿಯ ಪೆಂಡಾಲಿನಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಕೇಳದೆ ಕೊಡುವ, ಹೆಸರು ವಿಚಾರಿಸದೆ ಬಡಿಸುವ ಈ ಆಹಾರಕ್ಕೆ ಸಮನಾದದ್ದನ್ನು ಯಾವ ರೆಸಾರ್ಟಿನ ಬಫೆಯೂ ಕೊಡಲಾರದು. ವಾರಾಂತ್ಯದ ಊಟವೆಂದರೆ ದುಬಾರಿ ಊಟವೆಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಬಿಸಿಲು ನೆತ್ತಿಗೆ ಬರುವ ಹೊತ್ತು ಬಟ್ಟೆಯ ಹೊತ್ತು. ಚಿಕ್ಕಪೇಟೆ ನಿಲ್ದಾಣದಿಂದ ಮೇಲೆ ಬಂದರೆ ಓಣಿಗಳು ಎಷ್ಟು ಇಕ್ಕಟ್ಟೆಂದರೆ ನೆಲಕ್ಕೆ ಬಿಸಿಲು ಬೀಳುವುದೇ ಅಪರೂಪ. ಫ್ಯಾಷನ್ ಎಂದರೆ ಋತುವಿಗೆ ಕೊಡುವ ಉತ್ತರವೆಂದು ನಂಬಿದವನು ನಾನು. ಹಾಗೆ ನೋಡಿದರೆ ಈ ಹವೆಗೆ ಹತ್ತಿಯನ್ನು ಮೀರಿಸಿದ ಉತ್ತರವಿಲ್ಲ, ಕರ್ನಾಟಕದ ಮಗ್ಗಗಳು ಅದನ್ನು ಬಗೆಬಗೆಯಾಗಿ ಹೇಳಿವೆ. ಇಳಕಲ್ ಸೀರೆಯ ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಹತ್ತಿಯ ಹಾಸು ಅಲ್ಲಿಗೆ ನಿಂತು, ಸೆರಗಿನ ರೇಷ್ಮೆ ಎಳೆಗಳು ಒಂದೊಂದಾಗಿ ಕೊಂಡಿ ಹಾಕಿಕೊಂಡು ಮುಂದುವರಿಯುತ್ತವೆ. ಎಳೆಯಿಂದ ಎಳೆಗೆ ಕೈಯಲ್ಲೇ ಮಾಡಿದ ಕೆಲಸ. ಗುಳೇದಗುಡ್ಡದ ಖಣ ಈಗ ಕುಪ್ಪಸ ದಾಟಿ ಕುರ್ತಾ, ಚೀಲಗಳಿಗೂ ಬಂದಿದೆ. ಇದು ಒಳ್ಳೆಯ ಬೆಳವಣಿಗೆ, ಕೊಳ್ಳುವವರಿದ್ದರಷ್ಟೇ ಮಗ್ಗ ಉಳಿಯುತ್ತದೆ. ವಾರಾಂತ್ಯದ ಖರೀದಿ ಎಂಬುದೇ ದುಂದಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ತಿಂಗಳಿಗೊಂದು ಅಗ್ಗದ ಪಾಲಿಯೆಸ್ಟರ್ ಕೊಳ್ಳುವುದು ದುಂದು. ಋತುವಿಗೊಂದು ಕೈಮಗ್ಗದ ಹತ್ತಿ ಕೊಂಡು, ಅದು ಮೆತ್ತಗಾಗುತ್ತ ಹೋಗುವವರೆಗೆ ಉಡುವುದು ದುಂದಲ್ಲ, ನೇಕಾರರ ಮನೆಗೆ ಸಲ್ಲುವ ಕೂಲಿ.

ಸಂಜೆ ಚಾಮರಾಜಪೇಟೆ. 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮೋತ್ಸವ ಕಛೇರಿಗಳು ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಯುಗಾದಿಯ ಬಳಿಕ ವಾರಗಟ್ಟಲೆ ನಡೆಯುತ್ತವೆ. ಎ.ಸಿ. ಸಭಾಂಗಣದಲ್ಲಿ ಸಂಗೀತ ಇನ್ನಷ್ಟು ಸ್ಪಷ್ಟವಾಗಿ ಕೇಳಬಹುದು, ನಿಜ. ಆದರೆ ಪೆಂಡಾಲಿನೊಳಗೆ ಗಾಳಿ ಬೀಸಿದಾಗ ಸಾಲುಸಾಲು ಮುಡಿಗಳಿಂದ ಬರುವ ಮಲ್ಲಿಗೆಯ ಘಮ ಅಲ್ಲಿಲ್ಲ. ದಾರಿಯಲ್ಲಿ ಹೂ ಮಾರುವವರು ಮೊಣಕೈಯಿಂದ ಬೆರಳ ತುದಿಗೆ ಅಳೆದು ಮೊಳ ಹಾಕಿ ಕೊಡುವ ಮಲ್ಲಿಗೆಯೂ ಈ ಕಾಲಕ್ಕೇ ಹೇರಳ.

ಆದರೆ ಹೂ ಮಾರುವವರಿಗೆ ಭಾನುವಾರ ರಜೆಯಲ್ಲ. ದೋಸೆ ಹುಯ್ಯುವವರಿಗೂ, ಸೀರೆ ಬಿಚ್ಚಿ ತೋರಿಸುವವರಿಗೂ ಅಲ್ಲ. ವಾರಾಂತ್ಯದ ಸುಖ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬ ಪ್ರಶ್ನೆಯೇ ನನ್ನ ವಾದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪ. ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಅರ್ಧ ಉತ್ತರವಿದೆ: ಊರು ಬಿಟ್ಟು ಹೋಗುವ ಪ್ರವಾಸಕ್ಕೆ ಕಾರು, ಹಣ, ಎರಡು ದಿನದ ರಜೆ ಬೇಕು. ಊರೊಳಗಿನ ವಸಂತಕ್ಕೆ ಮರದ ನೆರಳು, ನಡೆಯಬಲ್ಲ ಕಾಲುದಾರಿ, ಒಂದು ಮೆಟ್ರೊ ಟಿಕೆಟ್ ಸಾಕು, ಮಂಗಳವಾರ ಬಿಡುವಿದ್ದವರಿಗೂ ಅದು ಸಿಗುತ್ತದೆ. ಈ ಊರಿನ ವಸಂತದ ಅತಿದೊಡ್ಡ ಉತ್ಸವವೂ ವಾರಾಂತ್ಯವನ್ನು ಲೆಕ್ಕಿಸಿದ್ದಲ್ಲ. ಚೈತ್ರದ ಹುಣ್ಣಿಮೆ ಯಾವ ವಾರ ಬಿದ್ದರೂ ಸರಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಹೊತ್ತ ಕರಗ ಆ ರಾತ್ರಿ ಹೊರಡುತ್ತದೆ. ಕತ್ತಿ ಹಿಡಿದ ವೀರಕುಮಾರರು ಜೊತೆಗಿರುತ್ತಾರೆ. ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಪೇಟೆಯ ಬೀದಿಗಳನ್ನು ಸುತ್ತಿ ಹಿಂದಿರುಗುವಷ್ಟರಲ್ಲಿ ಬೆಳಗಾಗಿರುತ್ತದೆ. ಅಂಗಡಿ ಬಾಗಿಲು ಹಾಕಿದ ಮೇಲೆ ಬರುವವರಿಗೂ ಅಲ್ಲಿ ಜಾಗವಿದೆ, ಟಿಕೆಟ್ ಇಲ್ಲ.